ನೆಲೆ ತಪ್ಪಿದವರ ಅಳಲು

ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಕೇರಿಯಲ್ಲಿ ಇಟಲಿಯಿಂದ ಬಂದವರ ಸಂತತಿಯವರೇ ಹೆಚ್ಚಾಗಿ ವಾಸವಾಗಿದ್ದರು. ಕಟ್ಟಡಗಳು ಹಳೆಯವು, ಬೀದಿಗಳು ಇಕ್ಕಟ್ಟಾದವು. ನಗರದ ಅಧಿಕಾರಿಗಳು ಅದನ್ನು ಕೊಳಗೇರಿಯೆಂದೆಣಿಸಿ 1958ರಲ್ಲಿ ವಶಪಡಿಸಿಕೊಂಡು ನೆಲಸಮ ಮಾಡತೊಡಗಿದರು. ಎರಡು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ದಿಕ್ಕುದಿಕ್ಕಿಗೆ ಚದರಿಹೋದುವು. ಅನೇಕರಿಗೆ ಮೊದಲಿಗಿಂತ ಒಳ್ಳೆಯ ಮನೆಗಳೇ ದೊರೆತುವು, ಬಾಡಿಗೆಯೂ ಏರಿತು.

ಮನೆ ಸುಧಾರಿಸಿದರೆ ಮನಸ್ಸೂ ತಣಿಯುವುದೆಂಬ ನಂಬಿಕೆ ನಿಜವೇ ಎಂದು ಪರೀಕ್ಷಿಸಲು ಮುಂದಾದವನು ಎರಿಕ್ ಲಿಂಡೆಮನ್ ಎಂಬ ಮನೋವೈದ್ಯನು. 1942ರಲ್ಲಿ ಅದೇ ನಗರದ ನೃತ್ಯಶಾಲೆಯೊಂದಕ್ಕೆ ಬೆಂಕಿ ಬಿದ್ದು 492 ಮಂದಿ ಮಡಿದಾಗ ಅವರ ಬಂಧುಗಳ ಶೋಕವನ್ನು ಅಭ್ಯಸಿಸಿದವನೂ ಇವನೇ. ಇವನ ಸಂಶೋಧನೆಯಲ್ಲಿ ಸೇರಿದ್ದ ಮಾರ್ಕ್ ಫ್ರೀಡ್ 1963ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ವಿಚಾರಿಸಲ್ಪಟ್ಟ 250 ಸ್ತ್ರೀಯರಲ್ಲಿ ಶೇಕಡಾ 46 ಮಂದಿ, ಆಪ್ತರು ತೀರಿಕೊಂಡಾಗ ಉಂಟಾಗುವಂಥ ಶೋಕವನ್ನು ದೀರ್ಘಕಾಲ ಅನುಭವಿಸಿದ್ದರು. ಹಳೆಯ ಕೇರಿಯನ್ನು ಹೆಚ್ಚು ಪ್ರೀತಿಸಿದವರಿಗೆ ದುಃಖವೂ ಹೆಚ್ಚಾಗಿದ್ದಿತು.

ಇದಕ್ಕೆ ಕಾರಣವು ಬಹುಕಾಲದ ರೂಢಿಯಲ್ಲಿದ್ದಿತು. ಅಲ್ಲಿಯವರಿಗೆ ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ಮೆಟ್ಟಿಲಲ್ಲಿ ಎದುರಾಗುವ ನೆರೆಯವರು, ಬೀದಿಯ ಮೂಲೆಯ ಅಂಗಡಿ, ಹತ್ತಿರದಲ್ಲೇ ನೆಲಸಿದ ಬಂಧುಗಳು, ಇವೆಲ್ಲವೂ ಮನೆಯ ಭಾಗಗಳೇ. ಹೊಸ ಮನೆಯ ಗುಣದೋಷಗಳನ್ನು ಅವರ ಮನಸ್ಸು ಅಳೆದುದು ಈ ನಷ್ಟದ ಮಾನದಿಂದಲೇ.

ತೆರವಾದ ನೆಲದಲ್ಲಿ ಅನುಕೂಲವಂತರಿಗಾಗಿ ಎತ್ತರದ ಸೌಧಗಳೆದ್ದುವು. 2015ರಲ್ಲಿ ನಗರದ ಪುನರ್ನಿರ್ಮಾಣ ಮಂಡಲಿಯ ಮುಖ್ಯಾಧಿಕಾರಿಯು ಹಳೆಯ ನಿವಾಸಿಗಳ ಕ್ಷಮೆಯನ್ನು ಬೇಡಿದನು. ಅಷ್ಟು ಹೊತ್ತಿಗೆ ಕ್ಷಮಿಸಬೇಕಾದವರಲ್ಲಿ ಬಹುಮಂದಿ ಕಾಲವಾಗಿದ್ದರು.