ಪುಣೆಯ ಎರಡು ಭಂಡಾರಗಳು: ಸಸ್ಯಸಾರ ಪರೀಕ್ಷೆಯಲ್ಲಿ ಪಾಠಶುದ್ಧಿಯ ಪ್ರಶ್ನೆ

ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು (1917) ಗ್ರಂಥಸಂಪಾದನೆಯಲ್ಲಿ ತೊಡಗಿದ ನಮಗೆಲ್ಲ ಪರಿಚಿತವಾದುದೇ. ಅದೇ ನಗರದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವನ್ನು ಸಾಹಿತ್ಯದವರು ಬಲ್ಲುದು ಕಡಿಮೆ. ಮನುಷ್ಯರ ಹಾಗೂ ಪ್ರಾಣಿಗಳ ಕೋಶತಳಿಗಳನ್ನು ಶೈತ್ಯದಲ್ಲಿ ಕಾಪಾಡಿ ದೇಶದ ಪ್ರಯೋಗಾಲಯಗಳಿಗೆ ಒದಗಿಸುವ ಭಂಡಾರವದು. ಔಷಧಿಸಸ್ಯಗಳ ಸಾರವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೇ ಎಂದು ಪರೀಕ್ಷಿಸುವ ಕರ್ನಾಟಕದ ಅನೇಕ ಪ್ರಬಂಧಗಳು ಕೋಶಗಳ ಮೂಲವೆಂದು ಪುಣೆಯನ್ನೇ ಹೆಸರಿಸುತ್ತವೆ.

ಪರೀಕ್ಷೆಗಳ ಕ್ರಮ ಹೀಗಿದೆ. ಡಿಪಿಪಿಎಚ್ ಎಂಬ ನೇರಳೆ ದ್ರಾವಣದ ಬಣ್ಣವನ್ನು ಸಾರವು ಕಳೆದಷ್ಟೂ ಅದರ ಉತ್ಕರ್ಷಣ ನಿರೋಧಕ ಶಕ್ತಿ ಹೆಚ್ಚೆಂದು ಎಣಿಕೆ. 1983ರಲ್ಲಿ ಮೋಸ್ಮನ್ ಪ್ರಕಟಿಸಿದ ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶಗಳು ಹಳದಿ ಲವಣವನ್ನು ನೇರಳೆಯಾಗಿಸುತ್ತವೆ. ನೇರಳೆ ಕುಗ್ಗಿದರೆ ಕೋಶಗಳು ಅಳಿದವೆಂದು ಊಹೆ. ಊಹೆಯೆಂದು ಬೇಕೆಂದೇ ಹೇಳಿದೆವು. ಉತ್ಕರ್ಷಣ ನಿರೋಧಕ ಗುಣವುಳ್ಳ ಸಾರವು ಕೋಶಗಳಿಲ್ಲದೆಯೂ ಆ ಲವಣವನ್ನು ನೇರಳೆಗೊಳಿಸಬಲ್ಲದು. ಆಗ ಸತ್ತ ಕೋಶವೂ ಬದುಕಿದಂತೆ ತೋರೀತು. ಕೋಶಗಳಿಲ್ಲದ ಬಟ್ಟಲಿನಲ್ಲಿ ಸಾರವನ್ನಷ್ಟೇ ಇಟ್ಟು ಹೋಲಿಸದ ಪ್ರಬಂಧವನ್ನು ನಂಬುವುದು ಕಷ್ಟ.

ಕೋಶದ ಗುರುತು ಇದಕ್ಕಿಂತ ಹಳೆಯ ತೊಡಕು. ಭಂಡಾರಕರ್ ಮಂದಿರದ ಮಹಾಭಾರತ ಪರಿಷ್ಕರಣವು ಮುಗಿದ 1966ರಲ್ಲೇ ಸ್ಟ್ಯಾನ್ಲಿ ಗಾರ್ಟ್ಲರ್ ಒಂದು ಅಪ್ರಿಯ ಸತ್ಯವನ್ನು ಮಂಡಿಸಿದನು. ಬೇರೆ ಬೇರೆ ಅಂಗಗಳವೆಂದು ನಂಬಿದ್ದ ಹಲವು ಕೋಶತಳಿಗಳು ವಾಸ್ತವವಾಗಿ ಹೀಲಾ ಕೋಶಗಳೇ, ಎಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ ಬೆಳೆಸಿದ ಕೋಶಗಳೇ ಆಗಿದ್ದವು. ಪ್ರತಿಯಿಂದ ಪ್ರತಿಗೆ ಸಾಗುವಾಗ ಒಂದು ಪರಂಪರೆಯ ಪಾಠ ಮತ್ತೊಂದನ್ನು ನುಂಗುವ ಸಂಕರವನ್ನು ಸುಕ್ಥನಕರರ ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ.

ಇನ್ನು ಸಸ್ಯ. ಮಂಗರಾಜನ ಖಗೇಂದ್ರಮಣಿದರ್ಪಣದಂಥ ವೈದ್ಯಕೃತಿಯಲ್ಲಿ ಲಿಪಿಕಾರನು ಒಂದಕ್ಷರ ತಪ್ಪಿದರೆ ಮದ್ದೇ ಬದಲಾಗುತ್ತದೆ. ಅಕ್ಷರ ಸರಿಯಿದ್ದರೂ ಒಂದೇ ಹೆಸರು ಸೀಮೆಯಿಂದ ಸೀಮೆಗೆ ಬೇರೆ ಗಿಡಕ್ಕೆ ಸಲ್ಲುವುದುಂಟು. 'ಅರ್ಬುದ'ವೆಂದರೆ ಇಂದಿನ ಕ್ಯಾನ್ಸರೇ ಎಂದು ಭಾವಿಸುವುದೂ ಅವಸರವೇ. ಪ್ರಾಚೀನ ವೈದ್ಯದಲ್ಲಿ ಅದು ಹಲವು ಬಗೆಯ ಗಡ್ಡೆಗಳಿಗೆ ಸಂದ ಹೆಸರು.

ವಿಜ್ಞಾನದ ಹೆಸರೂ ಸ್ಥಿರವಲ್ಲ. ಸಹ್ಯಾದ್ರಿಯ ದುರ್ವಾಸನೆ ಮರವನ್ನು, ಮರಾಠಿಗರ ನರಕ್ಯಾವನ್ನು, 1839ರಲ್ಲಿ ಗ್ರಹಾಂ ಪ್ರೆಮ್ನಾ ನಿಮ್ಮೋನಿಯಾನಾ ಎಂದನು. ಬಳಿಕ ಮಾಪಿಯಾ ಫೀಟಿಡಾ, ಇಂದು ನೊಥಾಪೊಡೈಟಿಸ್ ನಿಮ್ಮೋನಿಯಾನಾ. ವಾಲ್ ಮತ್ತು ವಾನಿ 1966ರಲ್ಲಿ ಚೀನೀ ಮರವೊಂದರಿಂದ ಪಡೆದ ಕ್ಯಾಂಪ್ಟೊಥೆಸಿನ್ ಈ ಮರದಲ್ಲಿಯೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದುದು ಮಾಪಿಯಾ ಎಂಬ ಹೆಸರಿನಲ್ಲಿ. ಕ್ಯಾಂಪ್ಟೊಥೆಸಿನ್‌ನಿಂದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಿಗಳು ರೂಪುಗೊಂಡವು. ಮರವು ಕೊಡಲಿಗೆ ತುತ್ತಾಗಿ ಹಲವು ಕಾಡುಗಳಲ್ಲಿ ವಿರಳವಾಯಿತು. ಹೊಸ ಹೆಸರನ್ನಷ್ಟೇ ಹುಡುಕುವವನಿಗೆ 1972ರ ವರದಿ ಕೈತಪ್ಪುತ್ತದೆ.

ಆದುದರಿಂದಲೇ ಸಾರ ತೆಗೆದ ಗಿಡದ ಕೊಂಬೆಯೊಂದನ್ನು ಹೂವಿನೊಡನೆ ಒಣಗಿಸಿ, ಸಂಖ್ಯೆ ನೀಡಿ ಸಸ್ಯಾಗಾರದಲ್ಲಿ ಇರಿಸಬೇಕೆಂಬ ನಿಯಮವಿದೆ. ಹೆಸರು ಎಷ್ಟು ಬಾರಿ ಬದಲಾದರೂ ಆ ಹಾಳೆಯನ್ನು ತೆರೆದು ನೋಡಬಹುದು. ಓಲೆಗರಿಯ ಮೂಲಪ್ರತಿಯನ್ನು ನಾವು ನೋಡುವಂತೆ.