ಬೂಟ್ ಮೆನುವಿಗೆ ಬಾರದ ಒತ್ತಕ್ಷರ

ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ, ಲಿನಕ್ಸ್ ಏಳುವ ಮೊದಲು, ಅದನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ ಒಂದಿದೆ. ಅದೇ ಬೂಟ್‌ಲೋಡರ್. ಹಳೆಯ ಬಯೋಸ್ ಯಂತ್ರಗಳಲ್ಲಿ ಅದರ ಮೊದಲ ತುಣುಕು ಡಿಸ್ಕಿನ ಆರಂಭದ 512 ಬೈಟ್‌ಗಳಲ್ಲಿ ಕೂರಬೇಕಿತ್ತು. ಪಾರ್ಟಿಶನ್ ಪಟ್ಟಿಯ ಪಾಲು ಕಳೆದರೆ ಉಳಿಯುತ್ತಿದ್ದುದು 446 ಮಾತ್ರ. ಅದೇ ಡಿಸ್ಕಿಗೆ ಆಮೇಲೆ ವಿಂಡೋಸ್ ಹಾಕಿದರೆ ಈ ತುಣುಕು ಅಳಿದುಹೋಗುತ್ತಿತ್ತು. ಲಿನಕ್ಸ್ ಇದ್ದಲ್ಲೇ ಇರುತ್ತಿತ್ತು, ಅದನ್ನು ತಲುಪುವ ದಾರಿ ಇರುತ್ತಿರಲಿಲ್ಲ.

1992ರಲ್ಲಿ ವೆರ್ನರ್ ಆಲ್ಮೆಸ್‌ಬರ್ಗರ್ ಬರೆದ ‘ಲಿಲೊ’ ಏಳುತ್ತಲೇ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಂತಕ್ಕೊಂದರಂತೆ ಮೂಡಿಸುತ್ತಿತ್ತು. ಎರಡಕ್ಕೇ ನಿಂತರೆ, ಎರಡನೆಯ ಹಂತ ಮೆಮೊರಿಗೆ ಬಂದಿದೆ, ಆದರೆ ಓಡುತ್ತಿಲ್ಲ ಎಂದರ್ಥ. ಕರ್ನೆಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನಷ್ಟೇ ಲಿಲೊ ಬರೆದಿಟ್ಟುಕೊಳ್ಳುತ್ತಿತ್ತು. ಕರ್ನೆಲ್ ಬದಲಿಸಿ ಲಿಲೊ ಆಜ್ಞೆಯನ್ನು ಮತ್ತೆ ಓಡಿಸಲು ಮರೆತರೆ ಮುಂದಿನ ಸಲ ಯಂತ್ರ ಏಳದೆ ಹೋಗಬಹುದಿತ್ತು.

1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ‘ಗ್ರಬ್’ ಫೈಲುಗಳನ್ನು ತಾನೇ ಓದಬಲ್ಲದು. 2009ರ ಉಬುಂಟು 9.10ರೊಂದಿಗೆ ಅದರ ಎರಡನೆಯ ಪೀಳಿಗೆ ಬಹಳ ಮನೆಗಳನ್ನು ಹೊಕ್ಕಿತು. ಆದರೆ ಯಂತ್ರದಲ್ಲಿ ಒಂದೇ ವ್ಯವಸ್ಥೆ ಇದ್ದರೆ ಅಲ್ಲಿ ಮೆನು ಅಡಗಿರುತ್ತದೆ. ಬಯೋಸ್ ಯಂತ್ರದಲ್ಲಿ ಶಿಫ್ಟ್ ಹಿಡಿಯಬೇಕು, ಯುಇಎಫ್ಐನಲ್ಲಿ ಎಸ್ಕೇಪ್ ಒತ್ತಬೇಕು. ಆಗ ಹಳೆಯ ಕರ್ನೆಲ್ ಅಥವಾ ರಿಕವರಿ ಮೋಡ್ ಸಿಗುತ್ತದೆ. ಮೆನುವೇ ಬಾರದಿದ್ದರೆ ಲೈವ್ ಯುಎಸ್‌ಬಿಯಿಂದ ಎದ್ದು ಗ್ರಬ್ಬನ್ನು ಮತ್ತೆ ಕೂರಿಸಬೇಕು.

ಈ ಚರಿತ್ರೆಗೆ ಭಾಷೆಯದೊಂದು ಮಗ್ಗುಲಿದೆ. ಮುಂಬಯಿಯ ಎನ್‌ಸಿಎಸ್‌ಟಿ ‘ಇಂಡಿಕ್ಸ್’ ಯೋಜನೆಯಲ್ಲಿ ಲಿನಕ್ಸ್ ಪರದೆಗೆ ಭಾರತೀಯ ಲಿಪಿಗಳನ್ನು ತರಲು ದುಡಿಯಿತು. ಆ ಸಂಸ್ಥೆ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಸಿ-ಡ್ಯಾಕ್ ಮುಂಬಯಿಯ ಕೇಂದ್ರ ಇಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲೂ ಇದೆ. ಕೇರಳದ ‘ಐಟಿ@ಸ್ಕೂಲ್’ ಶಾಲೆಗಳಿಗೆ ಗ್ನು/ಲಿನಕ್ಸ್ ತಂದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಡೆಸ್ಕ್‌ಟಾಪಿನಲ್ಲಿ ಕನ್ನಡ ಸರಾಗವಾಗಿ ಮೂಡುತ್ತದೆ.

ಬೂಟ್ ಮೆನುವಿನ ಮಾತು ಬೇರೆ. ಗ್ರಬ್‌ನ ಸಂದೇಶಗಳನ್ನು ಅನುವಾದಿಸಲು ಏರ್ಪಾಡಿದೆ. ಆದರೆ ಅಕ್ಷರ ಕೂಡಿಸುವ ಅದರ ಶಕ್ತಿ ಸೀಮಿತ. ಒತ್ತಕ್ಷರಗಳಿರುವ ನಮ್ಮ ಲಿಪಿಗಳು ಅಲ್ಲಿ ಸರಿಯಾಗಿ ಮೂಡುವುದಿಲ್ಲ. ಎಲ್ಲ ಸರಿಯಿದ್ದಾಗ ಕನ್ನಡ ಆಡುವ ಯಂತ್ರ, ಕೆಟ್ಟು ನಿಂತಾಗ ಇಂಗ್ಲಿಷಿಗೆ ತಿರುಗುತ್ತದೆ. ಓದಿ ಅರ್ಥಮಾಡಿಕೊಳ್ಳಲೇಬೇಕಾದ ಗಳಿಗೆಯೂ ಅದೇ. ಆ ಆರೇಳು ಸಾಲು ಓದಲಾಗದವರು ಕೆಟ್ಟಿರದ ಡಿಸ್ಕನ್ನೂ ಅಳಿಸಿ, ಹೊಸದಾಗಿ ಎಲ್ಲ ಹಾಕಿಸಿಕೊಂಡು, ವರ್ಷಗಳ ಕಡತ ಕಳೆದುಕೊಳ್ಳಬಹುದು.