ಸೂಳೆಕೆರೆಯ ಸೀಮೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ವಿಸ್ತಾರವನ್ನು ನೋಡಿದವರು ಅದರ ಏರಿಯನ್ನು ಕಂಡು ಬೆರಗಾಗುವರು. ಸುಮಾರು 6,550 ಎಕರೆ ನೆಲವನ್ನು ಆವರಿಸಿರುವ ಜಲರಾಶಿಯನ್ನು ತಡೆದು ನಿಲ್ಲಿಸಿರುವ ಏರಿಯ ಉದ್ದವು ಸುಮಾರು 950 ಅಡಿ ಮಾತ್ರ. ಇದಕ್ಕೆ ಸ್ಥಳದ ಗುಣವೇ ಕಾರಣ. ಹರಿದ್ರಾ ಎಂಬ ಹಳ್ಳವು ವಿಶಾಲವಾದ ಬಯಲಿನ ನೀರನ್ನೆಲ್ಲ ಕೂಡಿಸಿಕೊಂಡು, ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ನುಸುಳಿ, ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ಪೂರ್ವಿಕರು ಆ ಕಣಿವೆಯ ಬಾಯನ್ನು ಮಾತ್ರ ಮುಚ್ಚಿದರು. ಉಳಿದ ದಡವನ್ನು ಪ್ರಕೃತಿಯೇ ಕಟ್ಟಿತ್ತು.

ಈ ಏರಿಯು ಸೀಮೆಯನ್ನು ಎರಡಾಗಿ ವಿಭಾಗಿಸಿದೆ. ಮಳೆಯನ್ನೇ ನಂಬಿದ ನೆಲವನ್ನು ದೇವಮಾತೃಕವೆಂದೂ, ಹರಿಯುವ ನೀರಿನಿಂದ ಬೆಳೆಯುವ ನೆಲವನ್ನು ನದೀಮಾತೃಕವೆಂದೂ ಅಮರಕೋಶವು ಕರೆಯುತ್ತದೆ. ಇಲ್ಲಿ ಎರಡೂ ಅಕ್ಕಪಕ್ಕದಲ್ಲಿವೆ. ಏರಿಯ ಹಿಂದಣ ಹಳ್ಳಿಗಳದು ಮಳೆಯನ್ನು ಕಾಯುವ ಹೊಲ. ಮಳೆಗಾಲದಲ್ಲಿ ಮುಂದೊತ್ತಿ ಬೇಸಗೆಯಲ್ಲಿ ಹಿಂದೆ ಸರಿಯುವ ನೀರಿಗೆ ಅಂಜಿ ಮನೆಗಳು ದಿಣ್ಣೆಯನ್ನು ಆಶ್ರಯಿಸಿವೆ. ಏರಿಯ ಮುಂದಾದರೋ ಸಿದ್ಧನಾಲೆ, ಬಸವನಾಲೆಗಳ ಜಾಡನ್ನು ಹಿಡಿದು ಗದ್ದೆಗಳೂ ತೋಟಗಳೂ ಹಬ್ಬಿವೆ.

ಈ ಕೆರೆಯ ವಿಷಯವಾಗಿ ಒಂದು ಐತಿಹ್ಯವುಂಟು. ಕೆರೆಯಿರುವ ಸ್ಥಳದಲ್ಲಿ ಹಿಂದೆ ಸ್ವರ್ಗಾವತಿಯೆಂಬ ಪಟ್ಟಣವಿತ್ತಂತೆ. ಅಲ್ಲಿಯ ಅರಸನ ಮಗಳಾದ ಶಾಂತವ್ವೆಯು ತಂದೆಯ ನಿಂದೆಗೆ ಗುರಿಯಾಗಿ ಕೆರೆಯನ್ನು ಕಟ್ಟಿಸಲು, ಪಟ್ಟಣವು ಮುಳುಗಿ, ಆ ನಿಂದೆಯ ಮಾತೇ ಕೆರೆಗೆ ಹೆಸರಾಗಿ ನಿಂತಿತಂತೆ. ಇದನ್ನು ಇತಿಹಾಸವೆಂದು ಎಣಿಸಲಾಗದು. ಆದರೂ ಇದರಲ್ಲಿ ನೆಲದ ಸತ್ಯವೊಂದು ಅಡಗಿದೆ. ಯಾವ ಕೆರೆಯಾದರೂ ತಗ್ಗಿನ ಫಲವತ್ತಾದ ಭೂಮಿಯನ್ನು ನುಂಗದೆ ತುಂಬದು. ನೆಲವನ್ನು ಕಳೆದುಕೊಂಡವರು ಏರಿಯ ಹಿಂದಿನವರು. ಬೆಳೆಯನ್ನು ಉಂಡವರು ಮುಂದಿನವರು. ಜನರು ಈ ಲೆಕ್ಕವನ್ನು ಮರೆಯದೆ ಕಥೆಯಾಗಿ ಉಳಿಸಿಕೊಂಡರು.

ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಕೆರೆಗೆ ಶಾಂತಿಸಾಗರವೆಂಬ ಹೆಸರೂ ಬಂದಿದೆ. ಆ ಹೆಸರಿನಲ್ಲಿ ನಿಂದೆಯು ಮರೆಯಾಗಿ ಶಾಂತವ್ವೆಯ ನೆನಪು ಉಳಿದಂತಾಗಿದೆ. ಇದರ ನೀರು ದೂರದ ಚಿತ್ರದುರ್ಗದ ಮನೆಗಳಿಗೂ ಹೋಗಿ ದಾಹವನ್ನು ತಣಿಸಿದೆ.

ಕೆರೆಗೆ ಪ್ರವಾಹಕ್ಕಿಂತಲೂ ಹೂಳಿನ ಮತ್ತು ಒತ್ತುವರಿಯ ಭಯ ಹೆಚ್ಚು. ನೀರು ಹಿಂದೆ ಸರಿದಾಗ ದಡದಲ್ಲಿ ನೇಗಿಲು ಹೂಡಿದವನಿಗೆ ಒಂದು ತುಂಡು ನೆಲ ಸಿಕ್ಕಬಹುದು; ಆದರೆ ಅಷ್ಟು ನೀರು ನಾಲೆಯ ಕೊನೆಯ ಗದ್ದೆಗೆ ತಪ್ಪುವುದು. ಒಂದು ಊರು ಮುಳುಗಿ ಹಲವು ಊರುಗಳು ಬದುಕಿದವೆಂದು ಹೇಳುವ ಸೀಮೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.